‘ನನಗೆ ಗೊತ್ತಿಲ್ಲ’ ಅನ್ನುವುದೂ ಒಂದು ಸುಳಿವು: ಬೇರೆಯವರ ತಲೆಯೊಳಗೆ ಹೊಕ್ಕು ಒಗಟು ಬಿಡಿಸುವುದು ಹೇಗೆ?

ಕೆಲವು ಒಗಟುಗಳಲ್ಲಿ ಸುಳಿವೇ ಇಲ್ಲ ಅನ್ನಿಸುತ್ತದೆ. ಇಬ್ಬರು ಮಾತಾಡುತ್ತಿರುತ್ತಾರೆ. ಒಬ್ಬ ‘ನನಗೆ ಗೊತ್ತಿಲ್ಲ’ ಅನ್ನುತ್ತಾನೆ. ಇನ್ನೊಬ್ಬಳು ‘ನನಗೂ ಗೊತ್ತಿಲ್ಲ’ ಅನ್ನುತ್ತಾಳೆ. ಕೂಡಲೇ ಮೊದಲಿನವನು ‘ಹೌದಾ? ಹಾಗಾದರೆ ನನಗೀಗ ಗೊತ್ತಾಯಿತು’ ಅನ್ನುತ್ತಾನೆ. ಅವರಿಬ್ಬರೂ ಖುಷಿಯಾಗಿ ಎದ್ದು ಹೋಗುತ್ತಾರೆ. ಓದುತ್ತಾ ಕೂತ ನಮಗೆ ಮಾತ್ರ ಏನೂ ಗೊತ್ತಾಗಿರುವುದಿಲ್ಲ.

ಇಂಥ ಒಗಟು ಕಂಡರೆ ಪುಟ ತಿರುಗಿಸುವವರೇ ಜಾಸ್ತಿ. ಆದರೆ ಇದನ್ನು ಬಿಡಿಸಲು ವಿಶೇಷ ಬುದ್ಧಿಯೇನೂ ಬೇಡ. ಪೆನ್ಸಿಲ್, ಕಾಗದ, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಕೂಡುವುದು, ಗುಣಿಸುವುದು ಬಂದರೆ ಬೇಕಾದ ಗಣಿತವೂ ಮುಗಿಯಿತು. ಒಂದನ್ನು ಮಾತ್ರ ರೂಢಿ ಮಾಡಿಕೊಳ್ಳಬೇಕು. ‘ಉತ್ತರ ಏನು?’ ಅಂತ ಕೇಳುವ ಬದಲು, ‘ಉತ್ತರ ಇದೇ ಆಗಿದ್ದರೆ ಇವನು ಈ ಮಾತು ಆಡುತ್ತಿದ್ದನಾ?’ ಅಂತ ಕೇಳಬೇಕು.

ಮೊದಲು ಮೂರು ಟೋಪಿ

ಹಳೆಯ ಒಗಟೊಂದರಿಂದ ಶುರು ಮಾಡೋಣ. ಒಬ್ಬರ ಹಿಂದೆ ಒಬ್ಬರಂತೆ ಮೂವರು ನಿಂತಿದ್ದಾರೆ. ಚೀಲದಲ್ಲಿ ಮೂರು ಕೆಂಪು, ಎರಡು ಬಿಳಿ ಟೋಪಿ ಇದ್ದವು ಅಂತ ಮೂವರಿಗೂ ಗೊತ್ತು. ಕಣ್ಣು ಮುಚ್ಚಿಸಿ ಒಬ್ಬೊಬ್ಬರಿಗೆ ಒಂದೊಂದು ಟೋಪಿ ಹಾಕಿ, ಉಳಿದ ಎರಡನ್ನು ಬಚ್ಚಿಟ್ಟಿದ್ದಾರೆ. ಎಲ್ಲರಿಗಿಂತ ಹಿಂದೆ ನಿಂತವನಿಗೆ ಮುಂದಿನ ಎರಡೂ ಟೋಪಿ ಕಾಣುತ್ತವೆ. ನಡುವಿನವನಿಗೆ ಮುಂದಿನವನದ್ದು ಮಾತ್ರ ಕಾಣುತ್ತದೆ. ಮುಂದೆ ನಿಂತವನಿಗೆ ಒಂದೂ ಕಾಣುವುದಿಲ್ಲ.

ಹಿಂದಿನವನನ್ನು ‘ನಿನ್ನ ಟೋಪಿಯ ಬಣ್ಣ ಯಾವುದು?’ ಅಂತ ಕೇಳಿದರು. ‘ಗೊತ್ತಿಲ್ಲ’ ಅಂದ. ನಡುವಿನವನನ್ನು ಕೇಳಿದರು. ಅವನೂ ‘ಗೊತ್ತಿಲ್ಲ’ ಅಂದ. ಒಂದು ಟೋಪಿಯನ್ನೂ ನೋಡದ ಮುಂದಿನವನು ‘ನನ್ನದು ಕೆಂಪು’ ಅಂದ. ಹೇಗೆ?

ಹಿಂದಿನವನ ಜಾಗದಲ್ಲಿ ನೀವೇ ನಿಂತುಕೊಳ್ಳಿ. ನಿಮಗೆ ಯಾವಾಗ ಗೊತ್ತಾಗುತ್ತಿತ್ತು? ಮುಂದೆ ಎರಡೂ ಬಿಳಿ ಕಂಡಿದ್ದರೆ. ಬಿಳಿ ಇದ್ದದ್ದೇ ಎರಡು, ಅಲ್ವಾ? ಆಗ ನಿಮ್ಮದು ಕೆಂಪೇ ಆಗಬೇಕು. ಅವನಿಗೆ ಗೊತ್ತಾಗಲಿಲ್ಲ ಅಂದಮೇಲೆ ಮುಂದಿನ ಇಬ್ಬರದ್ದೂ ಬಿಳಿ ಇಲ್ಲ. ಒಬ್ಬರದ್ದಾದರೂ ಕೆಂಪು.

ಈಗ ನಡುವಿನವನ ಜಾಗಕ್ಕೆ ಬನ್ನಿ. ಹಿಂದಿನವನ ಮಾತನ್ನು ಅವನೂ ಕೇಳಿಸಿಕೊಂಡಿದ್ದಾನೆ. ಮುಂದೆ ಬಿಳಿ ಕಂಡಿದ್ದರೆ, ‘ಒಬ್ಬರದ್ದಾದರೂ ಕೆಂಪು ಅಂದರೆ ಅದು ನನ್ನದೇ’ ಅನ್ನುತ್ತಿದ್ದ. ಅನ್ನಲಿಲ್ಲ. ಅಂದರೆ ಅವನಿಗೆ ಮುಂದೆ ಕಂಡದ್ದು ಕೆಂಪು. ಮುಂದಿನವನು ಈ ಎರಡೂ ಮಾತನ್ನು ಕೇಳಿಸಿಕೊಂಡೇ ಉತ್ತರ ಹೇಳಿದ.

ಇಬ್ಬರೂ ಟೋಪಿಯ ಬಣ್ಣದ ಬಗ್ಗೆ ಒಂದಕ್ಷರ ಹೇಳಲಿಲ್ಲ. ತಮ್ಮ ತಲೆಯೊಳಗೆ ಏನಿಲ್ಲ ಅನ್ನುವುದನ್ನಷ್ಟೇ ಹೇಳಿದರು. ಒಗಟು ಬಿಡಿಸಲು ಅಷ್ಟೇ ಬೇಕಾಗಿತ್ತು. ಕೊನೆಗೆ ಉತ್ತರ ಹೇಳುವವನು ಏನೂ ಕಾಣದವನು ಅನ್ನುವುದು ಈ ಒಗಟಿನಲ್ಲಿ ನನಗೆ ಇವತ್ತಿಗೂ ಮೆಚ್ಚುಗೆಯಾಗುವ ಸಂಗತಿ.

ಕಾಗದದ ಮೇಲಿನ ಕೆಲಸ

ಟೋಪಿಯ ಒಗಟು ಚಿಕ್ಕದು. ತಲೆಯಲ್ಲೇ ಬಿಡಿಸಬಹುದು. ಸ್ವಲ್ಪ ದೊಡ್ಡದಾದರೆ ತಲೆ ಸಾಲುವುದಿಲ್ಲ, ಬರೆದೇ ಮಾಡಬೇಕು. ಅದಕ್ಕೆಂದೇ ಒಂದು ಒಗಟು ಹೆಣೆದಿದ್ದೇನೆ.

ಅಜ್ಜಿ ರೈಲಿನಲ್ಲಿ ಬರುತ್ತಿದ್ದಾರೆ. ಅವರನ್ನು ಇಳಿಸಿಕೊಳ್ಳಲು ರವಿ, ಸುಧಾ ಸ್ಟೇಷನ್ನಿಗೆ ಹೋಗಿದ್ದಾರೆ. ಅಜ್ಜಿ ತಮಾಷೆಗೆ ರವಿಗೆ ಬೋಗಿಯ ನಂಬರ್ ಮಾತ್ರ ಹೇಳಿದ್ದಾರೆ, ಸುಧಾಗೆ ಸೀಟಿನ ನಂಬರ್ ಮಾತ್ರ ಹೇಳಿದ್ದಾರೆ. ಯಾರಿಗೆ ಏನು ಹೇಳಿದ್ದಾರೆ ಅನ್ನುವುದು ಇಬ್ಬರಿಗೂ ಗೊತ್ತು. ಟಿಕೆಟ್ ಈ ಎಂಟರಲ್ಲಿ ಒಂದು ಅನ್ನುವುದೂ ಇಬ್ಬರಿಗೂ ಗೊತ್ತು:

ಎಸ್1: 23
ಎಸ್3: 12, 23
ಎಸ್5: 12, 31, 40
ಎಸ್7: 31, 40

ರವಿ: ‘ಅಜ್ಜಿ ಎಲ್ಲಿದ್ದಾರೆ ಅಂತ ನನಗೆ ಗೊತ್ತಿಲ್ಲ.’
ಸುಧಾ: ‘ನನಗೂ ಗೊತ್ತಿಲ್ಲ.’
ರವಿ: ‘ಓ, ಹಾಗಾದರೆ ನನಗೀಗ ಗೊತ್ತಾಯಿತು.’

ಮೊದಲ ಕೆಲಸ, ಇರಬಹುದಾದ ಎಲ್ಲವನ್ನೂ ಬರೆದುಕೊಳ್ಳುವುದು. ಇಲ್ಲಿ ಪಟ್ಟಿ ಒಗಟಿನಲ್ಲೇ ಇದೆ. ಎಷ್ಟೋ ಒಗಟುಗಳಲ್ಲಿ ಅದನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ. ಇದಕ್ಕೆ ಸೋಮಾರಿತನ ಮಾಡಿದರೆ ಮುಂದಿನದೆಲ್ಲ ದಂಡ.

ಎರಡನೆಯದು, ಯಾರಿಗೆ ಏನು ಕಾಣುತ್ತದೆ ಅಂತ ಗುಂಪು ಮಾಡುವುದು. ರವಿಗೆ ಬೋಗಿ ಗೊತ್ತು. ಅವನ ಕಣ್ಣಿಗೆ ಈ ಪಟ್ಟಿ ನಾಲ್ಕು ಸಾಲು. ತಾನು ಯಾವ ಸಾಲಿನಲ್ಲಿದ್ದೇನೆ ಅಂತ ಅವನಿಗೆ ಗೊತ್ತು. ಆ ಸಾಲಿನೊಳಗೆ ಯಾವುದು ಅನ್ನುವುದು ಗೊತ್ತಿಲ್ಲ. ಸುಧಾಗೆ ಸೀಟು ಗೊತ್ತು. ಅವಳ ಕಣ್ಣಿಗೆ ಗುಂಪುಗಳೇ ಬೇರೆ: 12 (ಎಸ್3, ಎಸ್5), 23 (ಎಸ್1, ಎಸ್3), 31 (ಎಸ್5, ಎಸ್7), 40 (ಎಸ್5, ಎಸ್7).

ಮೂರನೆಯದು, ಒಂದೊಂದು ಮಾತಿಗೂ ಒಂದೊಂದು ಸಲ ಪೆನ್ಸಿಲ್ ಎಳೆಯುವುದು. ಆಡಿದ ಮಾತು ಎಷ್ಟೇ ಸುತ್ತಿ ಬಳಸಿ ಇರಲಿ, ಅದರ ಕೆಲಸ ಪಟ್ಟಿಯಲ್ಲಿ ಕೆಲವನ್ನು ಹೊಡೆದುಹಾಕುವುದು, ಅಷ್ಟೇ.

ರವಿ ‘ಗೊತ್ತಿಲ್ಲ’ ಅಂದ. ಅವನ ಬೋಗಿ ಎಸ್1 ಆಗಿದ್ದರೆ ಅಲ್ಲಿರುವುದು ಒಂದೇ ಸೀಟು, ಗೊತ್ತಾಗಿಬಿಡುತ್ತಿತ್ತು. ಎಸ್1 ಹೊಡೆಯಿರಿ.

ಈಗ ಪಟ್ಟಿಯನ್ನು ಸುಧಾಳ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಎಸ್1 ಹೋದಮೇಲೆ 23 ಒಂಟಿಯಾಯಿತು. ಅದು ಈಗ ಎಸ್3ರಲ್ಲಿ ಮಾತ್ರ ಇದೆ. ಸುಧಾಳ ಕೈಯಲ್ಲಿರುವುದು 23 ಆಗಿದ್ದರೆ, ರವಿಯ ಮಾತು ಕೇಳಿದ ಕೂಡಲೇ ಅವಳಿಗೆ ಗೊತ್ತಾಗುತ್ತಿತ್ತು. ಅವಳೂ ‘ಗೊತ್ತಿಲ್ಲ’ ಅಂದಳು. ಎಸ್3ರ 23 ಹೊಡೆಯಿರಿ.

ಉಳಿದದ್ದು: ಎಸ್3ರಲ್ಲಿ 12. ಎಸ್5ರಲ್ಲಿ 12, 31, 40. ಎಸ್7ರಲ್ಲಿ 31, 40. ರವಿ ‘ಈಗ ಗೊತ್ತಾಯಿತು’ ಅಂದ. ಒಂದೇ ಸೀಟು ಉಳಿದಿರುವ ಬೋಗಿ ಎಸ್3 ಮಾತ್ರ. ಅಜ್ಜಿ ಎಸ್3, ಸೀಟು 12. ಓಡಿ, ರೈಲು ಬಂದಿರಬಹುದು.

ಅದೇ ಮಾತುಗಳನ್ನು ತಲೆಕೆಳಗು ಮಾಡಿ ನೋಡಿ. ಸುಧಾ ಮೊದಲು ‘ಗೊತ್ತಿಲ್ಲ’ ಅಂದಳು ಅಂದುಕೊಳ್ಳಿ. ಶುರುವಿನ ಪಟ್ಟಿಯಲ್ಲಿ ಪ್ರತಿಯೊಂದು ಸೀಟಿನ ನಂಬರೂ ಎರಡೆರಡು ಕಡೆ ಇದೆ. ಒಂದೂ ಒಂಟಿಯಾಗಿಲ್ಲ. ಹಾಗಾಗಿ ಅವಳ ಮಾತಿನಿಂದ ಒಂದನ್ನೂ ಹೊಡೆಯಲಾಗುವುದಿಲ್ಲ. ಆಮೇಲೆ ರವಿ ‘ಗೊತ್ತಿಲ್ಲ’ ಅಂದರೆ ಎಸ್1 ಹೋಗುತ್ತದೆ, ಅಲ್ಲಿಗೆ ನಿಂತಿತು. ಉಳಿದ ಮೂರೂ ಬೋಗಿಯಲ್ಲಿ ಒಂದಕ್ಕಿಂತ ಜಾಸ್ತಿ ಸೀಟು ಇರುವುದರಿಂದ ‘ಈಗ ಗೊತ್ತಾಯಿತು’ ಅನ್ನಲು ರವಿಗೆ ಸಾಧ್ಯವೇ ಇಲ್ಲ. ಮಾತು ಅವೇ, ಸರದಿ ಬೇರೆ. ಒಗಟೇ ಮುರಿದುಬಿತ್ತು. ಈ ಬಗೆಯ ಒಗಟುಗಳಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲೇ. ಎಲ್ಲ ಮಾತುಗಳನ್ನೂ ಒಟ್ಟಿಗೆ ತಲೆಯಲ್ಲಿ ಹಾಕಿ ಕಲಸುತ್ತಾರೆ. ಒಂದು ಮಾತು, ಒಂದು ಗೆರೆ. ಆ ಗೆರೆ ಎಳೆದಮೇಲೆ ಉಳಿದ ಪಟ್ಟಿಯೇ ಮುಂದಿನ ಮಾತಿನ ಹೊತ್ತಿಗೆ ಹೊಸ ಪಟ್ಟಿ.

ಮಾತುಗಳನ್ನು ಗೆರೆಯಾಗಿ ಬದಲಿಸುವ ಬಗೆ ಮುಖ್ಯವಾಗಿ ಮೂರು:

‘ನನಗೆ ಗೊತ್ತಿಲ್ಲ’ ಅಂದರೆ: ಆ ವ್ಯಕ್ತಿಯ ಗುಂಪುಗಳಲ್ಲಿ ಒಂದೇ ಒಂದು ಉಳಿದಿರುವುದನ್ನು ಹೊಡೆಯಿರಿ.

‘ನನಗೀಗ ಗೊತ್ತಾಯಿತು’ ಅಂದರೆ: ಒಂದೇ ಉಳಿದಿರುವ ಗುಂಪುಗಳನ್ನು ಇಟ್ಟುಕೊಳ್ಳಿ, ಬಾಕಿಯನ್ನೆಲ್ಲ ಹೊಡೆಯಿರಿ.

‘ನಿನಗೆ ಗೊತ್ತಿಲ್ಲ ಅಂತ ನನಗೆ ಗೊತ್ತು’ ಅಂದರೆ: ಹೇಳಿದವನ ಗುಂಪುಗಳನ್ನು ಒಂದೊಂದಾಗಿ ನೋಡಿ. ಅದರಲ್ಲಿ ಎದುರಿನವನಿಗೆ ಉತ್ತರ ಕೊಟ್ಟುಬಿಡುವಂಥದ್ದು ಒಂದೇ ಒಂದಿದ್ದರೂ ಇಡೀ ಗುಂಪನ್ನೇ ಹೊಡೆಯಿರಿ.

ಈ ಮೂರನೆಯದೇ ಕಷ್ಟದ್ದು. ಜಗತ್ತನ್ನೇ ಸುತ್ತಿದ ಒಂದು ಒಗಟಿನ ಗುಟ್ಟೂ ಇದೇ.

ಶೆರಿಲ್ ಹುಟ್ಟುಹಬ್ಬ

2015ರ ಏಪ್ರಿಲ್‌ನಲ್ಲಿ ಸಿಂಗಪುರದ ಶಾಲಾ ಗಣಿತ ಒಲಿಂಪಿಯಾಡ್‌ನ ಪ್ರಶ್ನೆಯೊಂದನ್ನು ಅಲ್ಲಿನ ಟಿವಿ ನಿರೂಪಕರೊಬ್ಬರು ಫೇಸ್‌ಬುಕ್‌ನಲ್ಲಿ ಹಾಕಿದರು. ಐದನೇ ತರಗತಿಯ ಮಕ್ಕಳಿಗೆ ಕೇಳಿದ ಪ್ರಶ್ನೆ ಅಂತ ಸುದ್ದಿ ಹಬ್ಬಿತು. ದೊಡ್ಡವರೆಲ್ಲ ಗಾಬರಿಯಾದರು. ಅದು 14-15 ವರ್ಷದ ಮಕ್ಕಳಿಗೆ ಕೊಟ್ಟದ್ದು, ಅವರಲ್ಲೂ ತೀರ ಚುರುಕಾದವರನ್ನು ಆರಿಸಲು ಇಟ್ಟದ್ದು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಒಗಟು ಲೋಕವನ್ನೆಲ್ಲ ಸುತ್ತಿಬಂದಿತ್ತು.

ಒಗಟು ಇಷ್ಟು. ಶೆರಿಲ್ ತನ್ನ ಹುಟ್ಟುಹಬ್ಬ ಈ ಹತ್ತರಲ್ಲಿ ಒಂದು ಅನ್ನುತ್ತಾಳೆ:

ಮೇ 15, 16, 19
ಜೂನ್ 17, 18
ಜುಲೈ 14, 16
ಆಗಸ್ಟ್ 14, 15, 17

ಆಲ್ಬರ್ಟ್‌ಗೆ ತಿಂಗಳು ಮಾತ್ರ, ಬರ್ನಾರ್ಡ್‌ಗೆ ತಾರೀಖು ಮಾತ್ರ ಹೇಳುತ್ತಾಳೆ. ಆಮೇಲೆ ಮಾತುಕತೆ ಹೀಗೆ ನಡೆಯುತ್ತದೆ.

ಆಲ್ಬರ್ಟ್: ‘ಹುಟ್ಟುಹಬ್ಬ ಯಾವತ್ತು ಅಂತ ನನಗೆ ಗೊತ್ತಿಲ್ಲ. ಆದರೆ ಬರ್ನಾರ್ಡ್‌ಗೂ ಗೊತ್ತಿಲ್ಲ ಅನ್ನುವುದು ನನಗೆ ಗೊತ್ತು.’
ಬರ್ನಾರ್ಡ್: ‘ಮೊದಲು ಗೊತ್ತಿರಲಿಲ್ಲ. ಈಗ ಗೊತ್ತಾಯಿತು.’
ಆಲ್ಬರ್ಟ್: ‘ಹಾಗಾದರೆ ನನಗೂ ಗೊತ್ತಾಯಿತು.’

ಬರ್ನಾರ್ಡ್‌ಗೆ ಸುಮ್ನೆ ತಾರೀಖು ಕೇಳಿಯೇ ಉತ್ತರ ಗೊತ್ತಾಗುವುದು ಯಾವಾಗ? ಆ ತಾರೀಖು ಪಟ್ಟಿಯಲ್ಲಿ ಒಂದೇ ಸಲ ಇದ್ದಾಗ. 18 ಒಂದೇ ಕಡೆ ಇದೆ, ಜೂನ್‌ನಲ್ಲಿ. 19 ಒಂದೇ ಕಡೆ ಇದೆ, ಮೇಯಲ್ಲಿ. ಉಳಿದ ತಾರೀಖುಗಳೆಲ್ಲ ಎರಡೆರಡು ಸಲ ಬಂದಿವೆ.

ಈಗ ಆಲ್ಬರ್ಟ್ ತಲೆಯೊಳಗೆ ಹೋಗಿ. ಅವನಿಗೆ ‘ಮೇ’ ಅಂತ ಹೇಳಿದ್ದರೆ, ‘ಬರ್ನಾರ್ಡ್ ಕೈಯಲ್ಲಿ 19 ಇದ್ದರೂ ಇರಬಹುದು, ಹಾಗಿದ್ದರೆ ಅವನಿಗೆ ಗೊತ್ತಿರುತ್ತದೆ’ ಅನ್ನುವ ಅನುಮಾನ ಉಳಿಯುತ್ತಿತ್ತು. ಜೂನ್ ಆಗಿದ್ದರೆ 18ರ ಅನುಮಾನ. ಆದರೆ ಅವನು ಅನುಮಾನವೇ ಇಲ್ಲದೆ ‘ಬರ್ನಾರ್ಡ್‌ಗೆ ಗೊತ್ತಿಲ್ಲ’ ಅಂದ. ಹಾಗಾಗಿ ಅವನ ತಿಂಗಳು ಮೇಯೂ ಅಲ್ಲ, ಜೂನೂ ಅಲ್ಲ. ಎರಡು ತಿಂಗಳನ್ನೂ ಇಡಿಯಾಗಿ ಹೊಡೆಯಿರಿ. 18 ಮತ್ತು 19ನ್ನು ಮಾತ್ರ ಹೊಡೆದು ಸುಮ್ಮನಾಗಬೇಡಿ.

ಉಳಿದದ್ದು ಜುಲೈ 14, 16 ಮತ್ತು ಆಗಸ್ಟ್ 14, 15, 17. ಬರ್ನಾರ್ಡ್ ಇದನ್ನೆಲ್ಲ ಯೋಚಿಸಿ ‘ಈಗ ಗೊತ್ತಾಯಿತು’ ಅಂದ. 14 ಆಗಿದ್ದರೆ ಜುಲೈಯೋ ಆಗಸ್ಟೋ ಅಂತ ಗೊತ್ತಾಗುತ್ತಿರಲಿಲ್ಲ. ಎರಡೂ 14 ಹೋಯಿತು. ಇನ್ನು ಜುಲೈ 16, ಆಗಸ್ಟ್ 15, ಆಗಸ್ಟ್ 17. ಆಲ್ಬರ್ಟ್‌ಗೂ ಗೊತ್ತಾಯಿತು ಅಂದರೆ ಅವನ ತಿಂಗಳಲ್ಲಿ ಒಂದೇ ಉಳಿದಿರಬೇಕು. ಉತ್ತರ ಜುಲೈ 16.

ಆಗ ತುಂಬ ಜನ ಆಗಸ್ಟ್ 17 ಅಂತ ವಾದ ಮಾಡಿದರು. ಅವರ ಲೆಕ್ಕ ಪೂರ್ತಿ ಹುಚ್ಚೇನಲ್ಲ. ‘ಬರ್ನಾರ್ಡ್‌ಗೆ ಗೊತ್ತಿಲ್ಲ’ ಅನ್ನುವುದನ್ನು ಆಲ್ಬರ್ಟ್‌ಗೆ ಯಾರೋ ಹೇಳಿದ ಸುದ್ದಿ ಅಂತ ಅವರು ತಿಳಿದರು. ಹಾಗೆ ತಿಳಿದರೆ 18 ಮತ್ತು 19 ಮಾತ್ರ ಹೋಗುತ್ತವೆ. ಆಗ ಜೂನ್‌ನಲ್ಲಿ 17 ಒಂದೇ ಉಳಿಯುತ್ತದೆ. ಇಷ್ಟಾದರೂ ಆಲ್ಬರ್ಟ್‌ಗೆ ಗೊತ್ತಾಗಿಲ್ಲವಾದ್ದರಿಂದ ಜೂನ್ 17ನ್ನೂ ಹೊಡೆಯುತ್ತಾರೆ. ಈಗ 17 ಇರುವುದು ಆಗಸ್ಟ್‌ನಲ್ಲಿ ಮಾತ್ರ. ಬರ್ನಾರ್ಡ್‌ಗೆ ಗೊತ್ತಾಗುತ್ತದೆ, ಮುಗಿಯಿತು. ಆದರೆ ಒಗಟಿನಲ್ಲಿ ಬರ್ನಾರ್ಡ್ ಇನ್ನೂ ಬಾಯಿಯೇ ಬಿಟ್ಟಿಲ್ಲ. ಆಲ್ಬರ್ಟ್ ಆ ಸಂಗತಿಯನ್ನು ತನ್ನ ತಿಂಗಳಿಂದಲೇ ಊಹಿಸಿ ತಿಳಿದದ್ದು. ಯಾರೋ ಹೇಳಿ ಗೊತ್ತಾದದ್ದಕ್ಕೂ ತಾನೇ ಲೆಕ್ಕ ಹಾಕಿ ಕಂಡುಕೊಂಡದ್ದಕ್ಕೂ ಇರುವ ವ್ಯತ್ಯಾಸದಿಂದ ಉತ್ತರವೇ ಬದಲಾಯಿತು. ಹಾಗಾಗಿ ‘ಗೊತ್ತು’ ಅಂತ ಯಾರಾದರೂ ಹೇಳಿದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವನಿಗೆ ಇದು ಎಲ್ಲಿಂದ ಗೊತ್ತಾಯಿತು?

ನಮಗೆ ಕಾಣದ ನಂಬರ್

ಇನ್ನೊಂದು ಜಾತಿ ಇದೆ. ಒಗಟಿನೊಳಗಿನವನಿಗೆ ಗೊತ್ತಿರುವ ಒಂದು ಸಂಖ್ಯೆಯನ್ನು ನಮಗೆ ಹೇಳುವುದೇ ಇಲ್ಲ. ಜನಗಣತಿಯವನ ಕಥೆ ಅಂತ ಇದು ಎಷ್ಟೋ ರೂಪದಲ್ಲಿ ಓಡಾಡುತ್ತದೆ. ನಾನು ಕೊನೆಯನ್ನು ಸ್ವಲ್ಪ ತಿರುಗಿಸಿದ್ದೇನೆ.

ಜನಗಣತಿಗೆ ಬಂದವರು ಮನೆಯೊಡತಿಯನ್ನು ಮಕ್ಕಳ ವಯಸ್ಸು ಕೇಳಿದರು. ‘ಮೂರು ಮಕ್ಕಳು. ಮೂವರ ವಯಸ್ಸನ್ನು ಗುಣಿಸಿದರೆ 72. ಕೂಡಿಸಿದರೆ ನಮ್ಮ ಮನೆ ನಂಬರ್’ ಅಂದರು ಆಕೆ. ಬಂದವರು ಗೇಟಿನ ಮೇಲಿನ ನಂಬರ್ ನೋಡಿ, ಲೆಕ್ಕ ಹಾಕಿ, ‘ಇಷ್ಟು ಸಾಲದು ಅಮ್ಮ’ ಅಂದರು. ‘ಎಲ್ಲರಿಗಿಂತ ಚಿಕ್ಕವಳು ಮಲಗಿದ್ದಾಳೆ, ಮೆಲ್ಲಗೆ ಮಾತಾಡಿ’ ಅಂದರು ಆಕೆ. ‘ಸರಿ, ಗೊತ್ತಾಯಿತು’ ಅಂತ ಬರೆದುಕೊಂಡು ಹೋದರು.

ಮನೆ ನಂಬರ್ ನಮಗೆ ಗೊತ್ತಿಲ್ಲ. ಪರವಾಗಿಲ್ಲ, ಪಟ್ಟಿ ಮಾಡಿ. ಗುಣಿಸಿದರೆ 72 ಬರುವ ಮೂರು ಸಂಖ್ಯೆಗಳು, ಪಕ್ಕದಲ್ಲಿ ಅವುಗಳ ಮೊತ್ತ:

1, 1, 72: 74
1, 2, 36: 39
1, 3, 24: 28
1, 4, 18: 23
1, 6, 12: 19
1, 8, 9: 18
2, 2, 18: 22
2, 3, 12: 17
2, 4, 9: 15
2, 6, 6: 14
3, 3, 8: 14
3, 4, 6: 13

ಬಂದವರಿಗೆ ನಂಬರ್ ಕಾಣುತ್ತಿತ್ತು. ಅದು 13 ಆಗಿದ್ದರೆ ಅಲ್ಲೇ ಉತ್ತರ ಸಿಗುತ್ತಿತ್ತು. 15, 17, 28 ಯಾವುದಾದರೂ ಅಷ್ಟೇ. ‘ಸಾಲದು’ ಅನ್ನಬೇಕಾದರೆ ಆ ಮೊತ್ತ ಎರಡು ಕಡೆ ಬಂದಿರಬೇಕು. ಹಾಗೆ ಬಂದಿರುವುದು 14 ಮಾತ್ರ. ಅವರಿಗೆ ಗೊತ್ತಾಗದ್ದರಿಂದಲೇ ಮನೆ ನಂಬರ್ ನಮಗೆ ಗೊತ್ತಾಯಿತು!

ಇನ್ನು ಉಳಿದದ್ದು 2, 6, 6 ಮತ್ತು 3, 3, 8. ‘ಎಲ್ಲರಿಗಿಂತ ಚಿಕ್ಕವಳು’ ಅಂದಮೇಲೆ ಚಿಕ್ಕವಳು ಒಬ್ಬಳೇ. ಉತ್ತರ 2, 6, 6. ಅವಳಿಯಲ್ಲೂ ಒಬ್ಬರು ಹತ್ತು ನಿಮಿಷ ಚಿಕ್ಕವರಿರುತ್ತಾರಲ್ಲ ಅಂತ ಜಗಳಕ್ಕೆ ಬರುವವರು ಇರುತ್ತಾರೆ. ಇರಲಿ, ಒಗಟಿನ ಲೋಕದಲ್ಲಿ ವಯಸ್ಸು ಪೂರ್ತಿ ವರ್ಷಗಳಲ್ಲೇ ನಡೆಯುತ್ತದೆ.

ಎಲ್ಲರಿಗೂ ಗೊತ್ತಿದ್ದದ್ದನ್ನು ಹೇಳಿದರೆ ಏನಾಗುತ್ತದೆ?

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಒಗಟು. ಸ್ವಲ್ಪ ನಿಧಾನವಾಗಿ ಓದಿ.

ಮಳೆಯಲ್ಲಿ ಆಡಿ ಬಂದ ಒಂದಷ್ಟು ಮಕ್ಕಳು ಅಂಗಳದಲ್ಲಿ ನಿಂತಿದ್ದಾರೆ. ಕೆಲವರ ಹಣೆಗೆ ಕೆಸರು ಮೆತ್ತಿದೆ. ಬೇರೆಯವರ ಹಣೆ ಕಾಣುತ್ತದೆ, ತನ್ನದು ಕಾಣುವುದಿಲ್ಲ. ಒಬ್ಬರಿಗೊಬ್ಬರು ಹೇಳುವಂತಿಲ್ಲ, ಸನ್ನೆ ಮಾಡುವಂತಿಲ್ಲ. ತಾಯಿ ಹೊರಗೆ ಬಂದು, ‘ನಿಮ್ಮಲ್ಲಿ ಒಬ್ಬರ ಹಣೆಯಲ್ಲಾದರೂ ಕೆಸರಿದೆ’ ಅನ್ನುತ್ತಾಳೆ. ಆಮೇಲೆ, ‘ತನ್ನ ಹಣೆಯಲ್ಲಿ ಕೆಸರಿದೆ ಅಂತ ಖಚಿತವಾಗಿ ಗೊತ್ತಾದವರು ಮುಂದೆ ಬನ್ನಿ’ ಅಂತ ಕರೆಯುತ್ತಾಳೆ. ಯಾರೂ ಬರದಿದ್ದರೆ ಮತ್ತೆ ಕರೆಯುತ್ತಾಳೆ. ಮತ್ತೂ ಕರೆಯುತ್ತಾಳೆ. ಏನಾಗುತ್ತದೆ?

ಮಕ್ಕಳು ಎಷ್ಟೇ ಇರಲಿ, ಕೆಸರು ಮೆತ್ತಿದವರು ಮೂವರಾದರೆ ಮೊದಲ ಎರಡು ಸಲ ಯಾರೂ ಅಲುಗುವುದಿಲ್ಲ. ಮೂರನೇ ಕರೆಗೆ ಆ ಮೂವರೂ ಒಟ್ಟಿಗೆ ಮುಂದೆ ಬರುತ್ತಾರೆ. ಹತ್ತು ಮಂದಿಯಾದರೆ ಹತ್ತನೇ ಕರೆಗೆ.

ಇಂಥದ್ದನ್ನು ನೇರವಾಗಿ ಹತ್ತರಿಂದ ಬಿಡಿಸಲು ಹೋಗಬೇಡಿ. ಒಂದಕ್ಕೆ ಇಳಿಸಿ, ಅಲ್ಲಿಂದ ಮೇಲೆ ಹತ್ತಿ.

ಲತಾ ಒಬ್ಬಳಿಗೇ ಕೆಸರಿದೆ ಅನ್ನಿ. ಅವಳಿಗೆ ಉಳಿದವರ ಹಣೆಯೆಲ್ಲ ಚೊಕ್ಕಟವಾಗಿ ಕಾಣುತ್ತದೆ. ಒಬ್ಬರಿಗಾದರೂ ಇದೆ ಅಂತ ಅಮ್ಮ ಹೇಳಿದ್ದಾಳೆ. ‘ಅಯ್ಯೋ, ನನಗೇ’ ಅಂತ ಮೊದಲ ಕರೆಗೇ ಬರುತ್ತಾಳೆ.

ಲತಾ, ಇಮ್ರಾನ್ ಇಬ್ಬರಿಗೂ ಇದೆ ಅನ್ನಿ. ಲತಾಗೆ ಇಮ್ರಾನ್ ಹಣೆಯ ಕೆಸರು ಕಾಣುತ್ತದೆ. ಅವಳು ಯೋಚಿಸುತ್ತಾಳೆ: ‘ನನ್ನ ಹಣೆ ಚೊಕ್ಕಟವಾಗಿದ್ದರೆ ಇಮ್ರಾನ್‌ಗೆ ಎಲ್ಲೂ ಕೆಸರು ಕಾಣುವುದಿಲ್ಲ. ಅವನು ಮೊದಲ ಕರೆಗೇ ಹೋಗಬೇಕು.’ ಅವನು ಹೋಗಲಿಲ್ಲ. ಅಂದರೆ ಅವನಿಗೂ ಯಾರದೋ ಕೆಸರು ಕಾಣುತ್ತಿದೆ. ತನಗೆ ಬೇರೆ ಯಾರದ್ದೂ ಕಾಣುತ್ತಿಲ್ಲ, ಹಾಗಾಗಿ ಅದು ತನ್ನದೇ. ಇಮ್ರಾನ್ ಕೂಡ ಹೀಗೇ ಯೋಚಿಸುತ್ತಾನೆ. ಎರಡನೇ ಕರೆಗೆ ಇಬ್ಬರೂ ಬರುತ್ತಾರೆ. ಮೂವರಾದರೆ ಪ್ರತಿಯೊಬ್ಬರೂ ‘ನನಗಿಲ್ಲದಿದ್ದರೆ ಆ ಇಬ್ಬರೂ ಎರಡನೇ ಕರೆಗೆ ಹೋಗಬೇಕಿತ್ತು’ ಅಂತ ಕಾಯುತ್ತಾರೆ. ಅವರು ಹೋಗದಿದ್ದಾಗ ಮೂರನೇ ಕರೆಗೆ ತಾವೂ ಬರುತ್ತಾರೆ. ಮುಂದೆ ಹೀಗೇ ಏರಿಸುತ್ತಾ ಹೋಗಬಹುದು.

ಲೆಕ್ಕ ಇಷ್ಟೇ. ಆದರೆ ನಿಜವಾದ ಸೋಜಿಗ ಇರುವುದು ಬೇರೆ ಕಡೆ. ಮೂವರಿಗೆ ಕೆಸರಿದ್ದಾಗ ಪ್ರತಿಯೊಂದು ಮಗುವಿಗೂ ಕಡಿಮೆಯೆಂದರೆ ಎರಡು ಕೆಸರು ಹಣೆ ಕಾಣುತ್ತಲೇ ಇತ್ತು. ‘ಒಬ್ಬರಿಗಾದರೂ ಇದೆ’ ಅನ್ನುವುದು ಅಮ್ಮ ಹೇಳುವ ಮೊದಲೇ ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಅವಳು ಹೊಸದಾಗಿ ಹೇಳಿದ್ದೇನು? ಆ ಮಾತು ಹೇಳದೆ ಬರೀ ಕರೆಯುತ್ತಲೇ ಇದ್ದಿದ್ದರೆ ಏನಾಗುತ್ತಿತ್ತು?

ಏನೂ ಆಗುತ್ತಿರಲಿಲ್ಲ. ಬೆಳಗಿನವರೆಗೆ ಕರೆದರೂ ಒಬ್ಬರೂ ಬರುತ್ತಿರಲಿಲ್ಲ.

ಕಾರಣ ತಿಳಿಯಲು ಇಬ್ಬರಿಗೆ ಕೆಸರಿರುವ ಕಥೆಗೇ ವಾಪಸ್ ಬನ್ನಿ. ಒಬ್ಬರಿಗಾದರೂ ಕೆಸರಿದೆ ಅಂತ ಲತಾಗೆ ಗೊತ್ತು, ಇಮ್ರಾನ್ ಹಣೆ ಕಾಣುತ್ತಿದೆಯಲ್ಲ. ಆದರೆ ಈ ವಿಷಯ ಇಮ್ರಾನ್‌ಗೆ ಗೊತ್ತಾ? ಲತಾಗೆ ಅದು ಖಚಿತವಿಲ್ಲ. ತನ್ನ ಹಣೆ ಚೊಕ್ಕಟವಾಗಿದ್ದರೆ ಅವನಿಗೆ ಒಂದೂ ಕಾಣುತ್ತಿಲ್ಲ, ಅವನಿಗೆ ಗೊತ್ತಿರಲು ದಾರಿಯೇ ಇಲ್ಲ. ಅಮ್ಮ ಎಲ್ಲರೆದುರು ಗಟ್ಟಿಯಾಗಿ ಹೇಳಿದ ಕ್ಷಣ ಆ ಅನುಮಾನ ಹೋಯಿತು. ಈಗ ಇಮ್ರಾನ್‌ಗೆ ಗೊತ್ತು ಅಂತ ಲತಾಗೆ ಗೊತ್ತು. ಮೂವರಿದ್ದಾಗ (ಮೂರನೆಯವಳು ಕುಸುಮಾ ಅನ್ನಿ) ಲತಾಳ ಇದೇ ಅನುಮಾನ ಇನ್ನೊಂದು ಮೆಟ್ಟಿಲು ಕೆಳಗಿರುತ್ತದೆ: ‘ಇಮ್ರಾನ್‌ಗೆ ಗೊತ್ತು ಅಂತ ನನಗೆ ಗೊತ್ತು. ಆದರೆ ಕುಸುಮಾಗೆ ಗೊತ್ತು ಅಂತ ಇಮ್ರಾನ್‌ಗೆ ಗೊತ್ತಾ?’ ಗಟ್ಟಿಯಾಗಿ ಆಡಿದ ಒಂದು ಮಾತು ಎಲ್ಲ ಮೆಟ್ಟಿಲುಗಳನ್ನೂ ಒಂದೇ ಸಲ ತುಂಬುತ್ತದೆ.

ಇದನ್ನು ಪರೀಕ್ಷಿಸಬೇಕಾ? ಅಮ್ಮ ಅದೇ ಮಾತನ್ನು ಒಬ್ಬೊಬ್ಬರ ಕಿವಿಯಲ್ಲಿ ಗುಟ್ಟಾಗಿ ಹೇಳಿದಳು, ಉಳಿದವರಿಗೆ ಏನು ಹೇಳಿದಳೋ ಯಾರಿಗೂ ಗೊತ್ತಿಲ್ಲ ಅಂದುಕೊಳ್ಳಿ. ಮೂವರಿಗೆ ಕೆಸರಿದ್ದರೆ ಯಾವ ಕರೆಗೂ ಯಾರೂ ಬರುವುದಿಲ್ಲ. ಹೇಳಿದ ಮಾತು ಅದೇ, ಕೇಳಿದ ಮಕ್ಕಳೂ ಅವರೇ. ಎಲ್ಲರೂ ಒಟ್ಟಿಗೆ ಕೇಳಿಸಿಕೊಳ್ಳಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಒಗಟಿಗೆ ವಯಸ್ಸಾಗಿದೆ. ಬ್ರಿಟಿಷ್ ಗಣಿತಜ್ಞ ಲಿಟಲ್‌ವುಡ್ 1953ರಲ್ಲಿ ಇದನ್ನು ಬೇರೆ ರೂಪದಲ್ಲಿ ಅಚ್ಚು ಮಾಡಿಸಿದರು. ರೈಲಿನ ಡಬ್ಬಿಯಲ್ಲಿ ಮೂವರು ಹೆಂಗಸರು, ಮೂವರ ಮುಖಕ್ಕೂ ಮಸಿ, ಮೂವರೂ ನಗುತ್ತಿದ್ದಾರೆ. ಥಟ್ಟನೆ ಒಬ್ಬಳಿಗೆ ತನ್ನ ಮುಖಕ್ಕೂ ಮಸಿ ಹತ್ತಿದೆ ಅಂತ ಹೊಳೆಯುತ್ತದೆ. ರಾಮಾನುಜನ್ ಬರೆದ ಮೊದಲ ಕಾಗದವನ್ನು ಹಾರ್ಡಿ ಜೊತೆ ಕೂತು ಓದಿದವರು ಇದೇ ಲಿಟಲ್‌ವುಡ್. ಆಮೇಲೆ 1969ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಡೇವಿಡ್ ಲೂಯಿಸ್, 1976ರಲ್ಲಿ ಗಣಿತಜ್ಞ ರಾಬರ್ಟ್ ಆಮನ್, ‘ಎಲ್ಲರಿಗೂ ಗೊತ್ತು ಅಂತ ಎಲ್ಲರಿಗೂ ಗೊತ್ತಿರುವುದು’ ಅನ್ನುವ ಈ ವಿಚಾರವನ್ನು ಶಾಸ್ತ್ರವಾಗಿ ಬೆಳೆಸಿದರು. ಆಮನ್‌ಗೆ 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮಾರುಕಟ್ಟೆ, ಹರಾಜು, ಚೌಕಾಸಿ, ಎಲ್ಲ ಕಡೆಯೂ ಯಾರಿಗೆ ಏನು ಗೊತ್ತು ಅನ್ನುವುದಕ್ಕೆ ಬೆಲೆ ಇದೆಯಲ್ಲ.

ಒಗಟು ಬಿಡಿಸುವ ಮೊದಲು ಒಪ್ಪಿಕೊಳ್ಳಬೇಕಾದ ಕೆಲವು ಮಾತು

ಇಂಥ ಒಗಟುಗಳಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಎಲ್ಲರೂ ಲೆಕ್ಕದಲ್ಲಿ ಗಟ್ಟಿಗರು. ಉಳಿದವರೂ ಗಟ್ಟಿಗರು ಅಂತ ಎಲ್ಲರಿಗೂ ಗೊತ್ತು. ಇವನ್ನು ಒಪ್ಪದಿದ್ದರೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗುವುದಿಲ್ಲ. ಕೆಸರಿನ ಒಗಟಿನಲ್ಲಿ ಇಮ್ರಾನ್ ಸ್ವಲ್ಪ ಮಂದ ಅನ್ನುವ ಅನುಮಾನ ಲತಾಗೆ ಇದ್ದರೆ ಸಾಕು. ಅವನು ಮುಂದೆ ಬರದಿದ್ದದ್ದು ಕೆಸರು ಕಂಡದ್ದಕ್ಕೋ, ಲೆಕ್ಕ ಹೊಳೆಯದ್ದಕ್ಕೋ ಅಂತ ಅವಳಿಗೆ ತಿಳಿಯುವುದಿಲ್ಲ. ಸರಪಳಿ ಅಲ್ಲೇ ಕಡಿದುಹೋಗುತ್ತದೆ. ನಿಜ ಜೀವನದಲ್ಲಿ ಈ ಬಗೆಯ ಯೋಚನೆ ಒಂದೆರಡು ಮೆಟ್ಟಿಲಿಗಿಂತ ಆಚೆ ನಡೆಯದಿರಲು ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ರಮ್ಮಿ ಆಡುವಾಗ ನೀವು ಎಸೆದ ಎಲೆಯನ್ನು ಎದುರಿನವರು ಎತ್ತಲಿಲ್ಲ ಅಂದರೆ ಅದು ಅವರಿಗೆ ಬೇಡ ಅಂತ ಊಹಿಸುತ್ತೀರಿ. ‘ಬೇಡ ಅಂತ ನಾನು ತಿಳಿಯಲಿ ಅಂತಲೇ ಎತ್ತಲಿಲ್ಲವೇನೋ’ ಅನ್ನುವಷ್ಟರಲ್ಲಿ ಟೀ ಬಂದಿರುತ್ತದೆ.

ಒಂದು ಜಾತಿಯನ್ನು ಮಾತ್ರ ಇದರೊಂದಿಗೆ ಬೆರೆಸಬೇಡಿ. ನೂರು ಕೈದಿಗಳು ಸಾಲಾಗಿ ನಿಂತು ತಮ್ಮ ಟೋಪಿಯ ಬಣ್ಣ ಹೇಳಬೇಕು, ಮೊದಲೇ ಕೂತು ಉಪಾಯ ಮಾಡಿಕೊಳ್ಳಬಹುದು ಅನ್ನುವ ಒಗಟುಗಳಿವೆ. ಅಲ್ಲಿ ಮಾತು ಒಂದು ಸಂಕೇತ. ‘ಕೆಂಪು’ ಅಂದರೆ ಮುಂದೆ ಕಾಣುವ ಕೆಂಪು ಟೋಪಿಗಳ ಎಣಿಕೆ ಬೆಸ ಅಂತ ಮೊದಲೇ ಮಾತಾಗಿರುತ್ತದೆ. ಅದನ್ನು ಬಿಡಿಸುವ ದಾರಿಯೇ ಬೇರೆ.

ಗಟ್ಟಿ ಹಲ್ಲಿರುವವರಿಗೆ

ಡಚ್ ಗಣಿತಜ್ಞ ಹಾನ್ಸ್ ಫ್ರಾಯ್ಡೆಂತಾಲ್ 1969ರಲ್ಲಿ ಒಂದು ಒಗಟು ಕೊಟ್ಟರು. 1ಕ್ಕಿಂತ ದೊಡ್ಡದಾದ ಎರಡು ಬೇರೆ ಬೇರೆ ಪೂರ್ಣಸಂಖ್ಯೆಗಳಿವೆ. ಅವುಗಳ ಮೊತ್ತ 100 ದಾಟುವುದಿಲ್ಲ. ಒಬ್ಬನಿಗೆ ಗುಣಲಬ್ಧ ಮಾತ್ರ ಗೊತ್ತು, ಇನ್ನೊಬ್ಬನಿಗೆ ಮೊತ್ತ ಮಾತ್ರ.

ಗುಣಲಬ್ಧದವನು: ‘ಆ ಸಂಖ್ಯೆಗಳು ಯಾವುವು ಅಂತ ನನಗೆ ಗೊತ್ತಿಲ್ಲ.’
ಮೊತ್ತದವನು: ‘ನಿನಗೆ ಗೊತ್ತಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು.’
ಗುಣಲಬ್ಧದವನು: ‘ಹಾಗಾದರೆ ನನಗೀಗ ಗೊತ್ತಾಯಿತು.’
ಮೊತ್ತದವನು: ‘ಹಾಗಾದರೆ ನನಗೂ ಗೊತ್ತಾಯಿತು.’

ಇದರಲ್ಲಿ ಪಟ್ಟಿ ಸಾವಿರಗಟ್ಟಲೆ ಉದ್ದ. ಆದರೆ ಎರಡನೇ ಮಾತು ಶೆರಿಲ್ ಒಗಟಿನ ಆಲ್ಬರ್ಟ್ ಆಡಿದ ಮಾತೇ. ಹಾಗಾಗಿ ಅಲ್ಲಿಂದಲೇ ಹಿಡಿಯಿರಿ. ಎರಡೂ ಅವಿಭಾಜ್ಯ ಸಂಖ್ಯೆಗಳಾಗಿದ್ದರೆ ಗುಣಲಬ್ಧದವನಿಗೆ ಕೂಡಲೇ ಗೊತ್ತಾಗುತ್ತಿತ್ತು. ಆದ್ದರಿಂದ ಮೊತ್ತ ಎರಡು ಅವಿಭಾಜ್ಯಗಳನ್ನು ಕೂಡಿಸಿ ಬರುವಂಥದ್ದಾಗಿರಬಾರದು. ಇದೊಂದರಿಂದಲೇ 6ಕ್ಕಿಂತ ದೊಡ್ಡ ಸಮಸಂಖ್ಯೆಗಳೆಲ್ಲ ಹೋಗುತ್ತವೆ. 6 ಆಗಿದ್ದರೆ ಅದು 2+4 ಮಾತ್ರ, ಗುಣಲಬ್ಧ 8 ಕಂಡ ಕೂಡಲೇ ಗೊತ್ತಾಗುತ್ತಿತ್ತು, ಅದೂ ಹೋಯಿತು. ಜೊತೆಗೆ 53ರಂಥ ದೊಡ್ಡ ಅವಿಭಾಜ್ಯ ಸೇರಿದರೂ ಗುಣಲಬ್ಧದವನಿಗೆ ಗೊತ್ತಾಗಿಬಿಡುತ್ತದೆ. 51 ಕೂಡ ಹೋಗುತ್ತದೆ: ಅದು 17+34 ಆಗಿದ್ದರೆ ಗುಣಲಬ್ಧ 578, ಮೊತ್ತ 100 ದಾಟದಂತೆ ಅದನ್ನು ಬೇರೆ ರೀತಿ ಒಡೆಯಲಾಗುವುದಿಲ್ಲ. ಇವನ್ನೆಲ್ಲ ಜಾಲಿಸಿದರೆ ಉಳಿಯುವ ಮೊತ್ತಗಳು ಹತ್ತೇ: 11, 17, 23, 27, 29, 35, 37, 41, 47, 53.

ಒಂದನ್ನು ಮಾಡಿ ತೋರಿಸುತ್ತೇನೆ. ಮೊತ್ತ 17 ಅನ್ನಿ. ಅದನ್ನು 2+15 ಅಂತ ಒಡೆದರೆ ಗುಣಲಬ್ಧ 30. ಆದರೆ 30 ಅನ್ನುವುದು 5×6 ಕೂಡ, ಅದರ ಮೊತ್ತ 11, ಅದೂ ನಮ್ಮ ಹತ್ತರಲ್ಲಿದೆ. ಹಾಗಾಗಿ 30 ಕೈಯಲ್ಲಿದ್ದವನಿಗೆ ಇನ್ನೂ ಗೊಂದಲ. 3+14, 5+12, 6+11, 7+10, 8+9 ಎಲ್ಲಕ್ಕೂ ಇದೇ ಗತಿ, ಒಂದೊಂದಾಗಿ ನೋಡಿ. 4+13 ಮಾತ್ರ ಬೇರೆ. ಗುಣಲಬ್ಧ 52. ಅದನ್ನು 2×26 ಅಂತ ಒಡೆದರೆ ಮೊತ್ತ 28, ಪಟ್ಟಿಯಲ್ಲಿಲ್ಲ. ಹಾಗಾಗಿ 52 ಕೈಯಲ್ಲಿದ್ದವನಿಗೆ ಗೊತ್ತಾಗುತ್ತದೆ, 17 ಕೈಯಲ್ಲಿದ್ದವನಿಗೂ ಗೊತ್ತಾಗುತ್ತದೆ. 11ರಲ್ಲಾದರೆ 18, 24 ಎರಡೂ ಗುಣಲಬ್ಧಗಳು ಉತ್ತರ ಕೊಡುತ್ತವೆ, ಹಾಗಾಗಿ ಮೊತ್ತದವನು ಕೊನೆಯ ಮಾತು ಆಡಲಾರ. ಉಳಿದ ಎಂಟೂ ಹೀಗೇ ಬಿದ್ದುಹೋಗುತ್ತವೆ. ಒಂದು ಭಾನುವಾರ ಮಧ್ಯಾಹ್ನಕ್ಕೆ ಒಳ್ಳೆಯ ಕೆಲಸ. ಉತ್ತರ 4 ಮತ್ತು 13.

ನೀವೇ ಒಂದು ಕಟ್ಟುವುದಾದರೆ

ಕಟ್ಟಿ ನೋಡಿದರೆ ಬಿಡಿಸುವುದು ಬೇಗ ಕೈಹತ್ತುತ್ತದೆ. ನಾಲ್ಕೈದು ಸಾಲಿನ ಪಟ್ಟಿ ಬರೆಯಿರಿ. ಒಂದು ಸಾಲಿನಲ್ಲಿ ಒಂದೇ ಇರಲಿ. ಆ ಸಾಲನ್ನು ಹೊಡೆದಾಗ ಇನ್ನೊಬ್ಬರ ಗುಂಪಿನಲ್ಲಿ ಯಾವುದಾದರೂ ಒಂಟಿಯಾಗಬೇಕು. ಅದನ್ನು ಹೊಡೆದಾಗ ಮತ್ತೆ ಈ ಕಡೆ ಏನಾದರೂ ಒಂಟಿಯಾಗಬೇಕು. ರೈಲಿನ ಒಗಟನ್ನು ನಾನು ಕಟ್ಟಿದ್ದು ಹೀಗೇ. ಕೊನೆಗೆ ಉತ್ತರ ಒಂದೇ ಉಳಿಯಿತಾ ಅಂತ ನೋಡಿಕೊಳ್ಳಿ. ಎರಡು ಉಳಿದರೆ ಪಟ್ಟಿಯಲ್ಲಿ ಒಂದು ನಂಬರ್ ಬದಲಿಸಿ, ಮತ್ತೆ ಮೊದಲಿಂದ ಹೊಡೆಯಿರಿ.

ಅಭ್ಯಾಸಕ್ಕೆ ಒಂದು ಕೊಡುತ್ತೇನೆ. ಇದಕ್ಕೆ ಬೇಕೆಂದೇ ಎರಡು ಉತ್ತರ ಇಟ್ಟಿದ್ದೇನೆ. ಗೀತಾ, ಹನೀಫ್ ಇಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಎರಡೂ 1 ಅಥವಾ ಅದಕ್ಕಿಂತ ದೊಡ್ಡವು, ಅಕ್ಕಪಕ್ಕದ ಸಂಖ್ಯೆಗಳು. ಇಷ್ಟು ಇಬ್ಬರಿಗೂ ಗೊತ್ತು. ಗೀತಾ ‘ನಿನ್ನದು ಯಾವುದು ಅಂತ ನನಗೆ ಗೊತ್ತಿಲ್ಲ’ ಅಂದಳು. ಹನೀಫ್ ‘ನಿನ್ನದು ನನಗೂ ಗೊತ್ತಿಲ್ಲ’ ಅಂದ. ಗೀತಾ ‘ಈಗ ಗೊತ್ತಾಯಿತು’ ಅಂದಳು.

ಗೀತಾ ಕೈಯಲ್ಲಿ 1 ಇದ್ದಿದ್ದರೆ ಏನಾಗುತ್ತಿತ್ತು ಅನ್ನುವಲ್ಲಿಂದ ಶುರು ಮಾಡಿ. ಹನೀಫ್ ಮಾತಿನಿಂದ ಹೋಗುವುದು ಒಂದಲ್ಲ, ಎರಡು ಸಂಖ್ಯೆ. ಉತ್ತರ: ಗೀತಾ 2, ಹನೀಫ್ 3. ಇಲ್ಲವಾದರೆ ಗೀತಾ 3, ಹನೀಫ್ 4.